ಸುರ್ಮಾಳಿಗೆ ಒಂದು ಜೊತೆ

ಸುರ್ಮಾ ಸರಿಯಾಗಿ ಉಣ್ಣದೆ ಹತ್ತು ದಿನವಾಗಿತ್ತು. ಹತ್ತನೆಯ ದಿನ ಮದರಬೀಯೂ ಅರ್ಧ ರೊಟ್ಟಿ ಮುರಿದಿಟ್ಟು ತಾಟು ಸರಿಸಿದಾಗ ಸೂಫಿಯಾಳಿಗೆ ಚಿಂತೆ ಹತ್ತಿತು. ಬೆಕ್ಕಿನ ಹಟವನ್ನು ಹೇಗಾದರೂ ಸಹಿಸಬಹುದು. ಲಕ್ವ ಹೊಡೆದು ಎದ್ದ, ಎಪ್ಪತ್ತೆರಡರ ಅತ್ತೆ ಬೆಕ್ಕಿನ ಜೊತೆ ಹಟಕ್ಕೆ ಕೂತರೆ ಮಾಡುವುದೇನು?

ಶಿವಬಸವ ನಗರದ ಎರಡು ಕೋಣೆಯ ಆ ಬಾಡಿಗೆ ಮನೆಯಲ್ಲಿ ಮದರಬೀಯ ದಿನವೆಲ್ಲ ಕಿಟಕಿಯ ಪಕ್ಕದ ಮಂಚದ ಮೇಲೆಯೇ ಕಳೆಯುತ್ತಿತ್ತು. ಎರಡು ವರ್ಷದ ಹಿಂದೆ ಸೋತ ಎಡಗಾಲು ಕೋಲಿನ ಆಸರೆಗೆ ಮರಳಿ ಬಂದಿತ್ತು, ಎಡಗೈ ಬಂದಿರಲಿಲ್ಲ. ಮಗ ವಹಾಬ ಗೋವಾಕ್ಕೆ ಲಾರಿ ಹೊಡೆಯುವವನು, ವಾರಕ್ಕೆರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಸೊಸೆ ಸೂಫಿಯಾ ಗುಂಜಿಯ ಆರೋಗ್ಯ ಉಪಕೇಂದ್ರದಲ್ಲಿ ನರ್ಸು. ಹದಿನೆಂಟು ವರ್ಷದಿಂದ ಬೆಳಗಿನ ಆರೂವರೆಯ ಬಸ್ಸಿಗೆ ಖಾನಾಪುರಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಕಾಡಂಚಿನ ಆ ಊರಿಗೆ ಇಳಿಯುವವಳು. ಅವಳು ಇಲ್ಲದ ಹೊತ್ತಿನಲ್ಲಿ ಮುದುಕಿಗೆ ಸಂಗಾತಿಗಳೆಂದರೆ ಎರಡು ಬೆಕ್ಕುಗಳು. ಕಣ್ಣಿನ ಸುತ್ತ ಕಾಡಿಗೆ ತೀಡಿದಂತೆ ಗೆರೆಯಿದ್ದ ಬೂದು ಬಣ್ಣದ ಸುರ್ಮಾ, ಅದರ ಒಡಹುಟ್ಟು ಹಲ್ದಿ. ಹಲ್ದಿ ಡಿಸೆಂಬರಿನಲ್ಲಿ ಮೂತ್ರಪಿಂಡದ ಬೇನೆಯಿಂದ ಸತ್ತಿತು. ಅಂದಿನಿಂದ ಸುರ್ಮಾ ಮಂಚ ಹತ್ತುವುದನ್ನು ಬಿಟ್ಟು ಬಾಗಿಲ ಸಂದಿಯಲ್ಲಿ ಕೂತು ತನ್ನ ಹೊಟ್ಟೆಯ ಕೂದಲನ್ನು ತಾನೇ ನೆಕ್ಕಿ ನೆಕ್ಕಿ ಬೋಳು ಮಾಡಿಕೊಂಡಿತ್ತು.

ಪಶುವೈದ್ಯೆ ಸುಹಾಸಿನಿ ರಕ್ತ ಪರೀಕ್ಷೆ ಮಾಡಿ, ರೋಗವೇನೂ ಇಲ್ಲ ಅಂದಿದ್ದರು.

“ಜೋಡಿ ಹೋಗೇತಿ, ಅದಕ್ಕ ಹಿಂಗ. ಇನ್ನೊಂದು ಬೆಕ್ಕು ತರೂದಾದ್ರ ತರ್ರಿ. ಆದ್ರ ಅವಸರ ಮಾಡಬ್ಯಾಡ್ರಿ. ಇದು ಅಂಜುಬುರುಕಿ ಐತಿ. ಇದರ ಸ್ವಭಾವಕ್ಕ ಹೊಂದೂವಂಥಾದ್ದು ನೋಡಿ ಆರಿಸ್ರಿ.”

ಸೂಫಿಯಾಳ ಕಿವಿಗೆ ಬಿದ್ದದ್ದು ಮೊದಲರ್ಧ ಮಾತ್ರ. ಗುಂಜಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಮರಿ ಇದ್ದರೆ ಹೇಳಿ ಎಂದು ಹೇಳಿಟ್ಟಳು.

ಜನವರಿಯ ಕೊನೆಯ ವಾರ, ಬಸುರಿಯರ ಪಟ್ಟಿ ಹಿಡಿದು ಸೂಫಿಯಾಳ ಜೊತೆ ಮನೆಮನೆ ಸುತ್ತುತ್ತಿದ್ದಾಗ ಆಶಾ ಕಾರ್ಯಕರ್ತೆ ಬಾಳವ್ವ ಆ ಮಾತು ತೆಗೆದಳು.

“ಬಾಯಾರ, ಮರಿ ಬೇಕಂತಿದ್ರಲ್ಲ? ನಮ್ಮ ಕಬ್ಬಿನಾಗ ಮೂರು ಸಿಕ್ಕಾವ ನೋಡ್ರಿ. ಮುಂಜಾನಿ ಕಡಿಯೋ ಗ್ಯಾಂಗಿನವ್ರು ಒಣಗಿದ ಎಲಿ ರವದಿ ಎತ್ತಿದ್ರ ಅದರ ಬುಡಕ ಇದ್ದವಂತ.”

“ತಾಯಿ?”

“ಜನಾ ನೋಡಿ ಓಡಿ ಹೋಗೇತಿ. ಯಾರದೋ ಮನೀ ಬೆಕ್ಕು ಹೊಲದಾಗ ಈದೈತಿ, ಇನ್ನೇನು.”

ಬಾಳವ್ವನ ಹೊಲ ಊರಿನ ಹೊರಗೆ, ಕಾಡಿನ ಅಂಚಿಗೆ ಅಂಟಿಕೊಂಡಿತ್ತು. ಅರ್ಧ ಕಬ್ಬು ಕಡಿದಾಗಿತ್ತು. ಗ್ಯಾಂಗಿನವರು ಬೇರೆ ಹೊಲಕ್ಕೆ ಹೋಗಿದ್ದರು, ಉಳಿದರ್ಧಕ್ಕೆ ಮುಂದಿನ ವಾರ ಬರುವವರಿದ್ದರು. ಬದುವಿನ ಮಾವಿನ ಗಿಡದ ಕೆಳಗೆ ಬಿದಿರಿನ ಬುಟ್ಟಿಯಲ್ಲಿ ಮೂರು ಮರಿಗಳು ಒಂದರ ಮೇಲೊಂದು ಬಿದ್ದಿದ್ದವು. ಒಣ ಹುಲ್ಲಿನ ಬಣ್ಣ, ಕಾಲಿನ ಮೇಲೆ ತೆಳು ಪಟ್ಟೆ. ಸೂಫಿಯಾ ಬಗ್ಗಿದ ಕೂಡಲೇ ಎರಡು ಮರಿಗಳು ಬೆನ್ನು ಬಿಲ್ಲು ಮಾಡಿ, ಅಂಗೈಯಷ್ಟಿದ್ದರೂ ಕಾದ ಹಂಚಿಗೆ ನೀರು ಬಿದ್ದಂತೆ ಬುಸುಗುಟ್ಟಿದವು. ಮೂರನೆಯದು ಸದ್ದು ಮಾಡಲಿಲ್ಲ. ಅವಳ ಮುಖವನ್ನೇ ನೋಡುತ್ತ ಕೂತಿತ್ತು. ಎತ್ತಿಕೊಂಡರೂ ಪರಚಲಿಲ್ಲ, ಕೈಯಲ್ಲಿ ಕಟ್ಟಿಗೆಯ ತುಂಡಿನಂತೆ ನಿಂತಿತು.

ಸುರ್ಮಾ ಅಂಜುಬುರುಕಿ, ಅದಕ್ಕೆ ಇಂಥ ಶಾಂತ ಸ್ವಭಾವದ್ದೇ ಸರಿ ಎಂದು ಸೂಫಿಯಾ ಲೆಕ್ಕ ಹಾಕಿದಳು. ಹೆರಿಗೆ ಕೋಣೆಯಲ್ಲಿ ಅಳುವ ಕೂಸಿಗಿಂತ ಅಳದ ಕೂಸಿಗೇ ಹೆಚ್ಚು ಅಂಜಬೇಕೆಂದು ಹದಿನೆಂಟು ವರ್ಷ ಪಾಠ ಕಲಿತವಳು, ಆ ಹೊತ್ತಿನಲ್ಲಿ ಅದನ್ನು ಮರೆತಳು. ಉಳಿದೆರಡನ್ನು ಬದುವಿನ ಮೇಲೆಯೇ ಬಿಡಲು ಹೇಳಿ, ಶಾಂತವಾದದ್ದನ್ನು ದುಪ್ಪಟ್ಟಾದಲ್ಲಿ ಸುತ್ತಿ ಚೀಲದೊಳಗಿಟ್ಟುಕೊಂಡು ಬಸ್ಸು ಹತ್ತಿದಳು. ಖಾನಾಪುರ ದಾಟುವಾಗ ಮೊಬೈಲಿನಲ್ಲಿ ಅದರ ಫೋಟೊ ತೆಗೆದು ಸ್ಟೇಟಸ್ಸಿಗೂ ಹಾಕಿದಳು.

ಮದರಬೀ ಮರಿಯನ್ನು ಕಂಡದ್ದೇ ಮಂಚದ ಮೇಲೆ ನೆಟ್ಟಗೆ ಕೂತಳು.

“ಜೀರಿಗಿ ಬಣ್ಣ ನೋಡು ಇದರದು. ಜೀರಾ ಅಂತ ಕರೀತೇನಿ.”

ಅವತ್ತು ರಾತ್ರಿ ಅವಳು ಇಡೀ ರೊಟ್ಟಿ ಉಂಡಳು. ಹನಿ ಹಾಕುವ ಕೊಳವೆಯಿಂದ ಆಡಿನ ಹಾಲು ಕುಡಿಸಿ ಮರಿಯನ್ನು ತನ್ನ ಸೋತ ಎಡಗೈಯ ಮೇಲೆ ಮಲಗಿಸಿಕೊಂಡಳು. ಸೂಫಿಯಾಳಿಗೆ ಗೆದ್ದಷ್ಟು ಸಮಾಧಾನವಾಯಿತು. ಸುರ್ಮಾ ಮಾತ್ರ ಬಾಗಿಲ ಸಂದಿಯಿಂದ ಮೂಗು ಮುಂದೆ ಮಾಡಿ ಎರಡು ಹೆಜ್ಜೆ ಬಂತು, ಗಾಳಿ ಮೂಸಿತು, ಮೈಯ ಕೂದಲೆಲ್ಲ ನಿಮಿರಿ ಎರಡರಷ್ಟು ದೊಡ್ಡದಾಗಿ ಕಪಾಟಿನ ಮೇಲಕ್ಕೆ ಹಾರಿತು.

ಹೊಸ ಬೆಕ್ಕು ಬಂದರೆ ಎರಡು ದಿನ ಹೀಗೇ ಇರುತ್ತದೆ ಎಂದು ಅತ್ತೆ ಸೊಸೆ ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡರು. ಮೂರನೆಯ ದಿನವೂ ಸುರ್ಮಾ ಇಳಿಯಲಿಲ್ಲ. ಸೂಫಿಯಾ ಕುರ್ಚಿ ಹಾಕಿ ಹತ್ತಿ, ಹಾಲು ಮೀನು ಎಲ್ಲ ಮೇಲೆಯೇ ಇಟ್ಟಳು. ಅದು ಮುಟ್ಟಲಿಲ್ಲ. ಅಲ್ಲಿಯೇ ಹೇತು ಉಚ್ಚೆ ಹೊಯ್ದುಕೊಂಡು, ಗೋಡೆಗೆ ಬೆನ್ನು ಒತ್ತಿ, ಮಂಚದ ಕಡೆಗೆ ಕಣ್ಣು ನೆಟ್ಟು ಕೂತಿರುತ್ತಿತ್ತು. ಕೆಳಗೆ ಜೀರಾ ದಿನದಿನಕ್ಕೆ ಬದಲಾಗುತ್ತಿತ್ತು. ಮದರಬೀಯ ಹತ್ತಿರ ಅದು ಮರಿಯೇ. ಸೂಫಿಯಾ ಹತ್ತಿರ ಬಂದರೆ ಗಂಟಲ ಆಳದಿಂದ ಒಂದು ಸದ್ದು ಹೊರಡುತ್ತಿತ್ತು. ಮನೆಬೆಕ್ಕಿನ ಮರಿಗಳಲ್ಲಿ ಅವಳು ಯಾವತ್ತೂ ಕೇಳದ ಸದ್ದು. ಐದನೆಯ ದಿನ ಅದು ಅವಳ ಹೆಬ್ಬೆರಳಿಗೆ ಬಾಯಿ ಹಾಕಿ, ಹಲ್ಲು ಎಲುಬಿಗೆ ತಾಗುವಷ್ಟು ಕಚ್ಚಿತು. ಅವಳು ತಾನೇ ಸಾಬೂನು ಹಚ್ಚಿ ತೊಳೆದುಕೊಂಡು, ಆ ದಿನ ಕೆಲಸಕ್ಕೆ ರಜೆ ಹಾಕಿ, ಆಸ್ಪತ್ರೆಗೆ ಹೋಗಿ ರೇಬಿಸ್ ಸೂಜಿ ಹಾಕಿಸಿಕೊಂಡು ಬಂದಳು.

ಬರುವಷ್ಟರಲ್ಲಿ ಸುರ್ಮಾ ಕಪಾಟಿನ ಮೇಲೆ ಅಡ್ಡಬಿದ್ದಿತ್ತು. ಕರೆದರೆ ಕಿವಿಯೂ ಅಲ್ಲಾಡಲಿಲ್ಲ. ಸೂಫಿಯಾ ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡಳು. ಇದಕ್ಕೂ ಒಂದು ಲಸಿಕೆ ಹಾಕಿಸಿಬಿಡೋಣ ಎಂದು ಜೀರಾವನ್ನು ಒಂದು ರಟ್ಟಿನ ಪೆಟ್ಟಿಗೆಗೆ ಹಾಕಿಕೊಂಡಳು. ಎರಡನ್ನೂ ಆಟೋದಲ್ಲಿ ಇಟ್ಟುಕೊಂಡು ಸುಹಾಸಿನಿಯವರ ದವಾಖಾನೆಗೆ ಓಡಿದಳು.

ಸುಹಾಸಿನಿ ಮೊದಲು ಸುರ್ಮಾಳ ಕಾಲಿಗೆ ಸೂಜಿ ಚುಚ್ಚಿ ಸಲೈನು ಹಚ್ಚಿದರು. ಇನ್ನೆರಡು ದಿನ ಹೀಗೇ ಉಪವಾಸ ಬಿದ್ದಿದ್ದರೆ ಯಕೃತ್ತು ಕೈಕೊಡುತ್ತಿತ್ತು ಎಂದರು. ಆಮೇಲೆ ಪೆಟ್ಟಿಗೆ ತೆರೆದವರು, ಕೈ ಒಳಗೆ ಹಾಕದೆ, ದೀಪವನ್ನು ಎಳೆದು ನೋಡಿದರು.

“ಇದನ್ನ ಎಲ್ಲಿಂದ ತಂದ್ರಿ?”

ಸೂಫಿಯಾ ಹೇಳಿದಳು.

“ಕಿವಿ ತುದಿಗೆ ಕರೇ ಕೂದಲಾ ಕಾಣಸ್ತಾವೇನ್ರಿ? ಬಾಲಾ ನೋಡ್ರಿ, ಎಷ್ಟು ಗಿಡ್ಡ. ಕಾಲು ಎಷ್ಟು ಉದ್ದ. ಇದು ಮನೀ ಬೆಕ್ಕಲ್ಲ, ಸೂಫಿಯಾ ಅವ್ರ. ಕಾಡು ಬೆಕ್ಕು. ಇದರ ವಾಸನಿಗೇ ನಿಮ್ಮ ಸುರ್ಮಾ ಸಾಯಾಕ ಹತ್ತಿದ್ದು.”

ಸೂಫಿಯಾ ಪೆಟ್ಟಿಗೆಯ ಮುಚ್ಚಳ ಹಾಕಿದಳು.

“ಮನ್ಯಾಗ ಇಟ್ಟುಕೊಳ್ಳೂದು ಕಾನೂನಿನಾಗ ಅಪರಾಧ. ನೀವು ಸರಕಾರಿ ನೌಕರಿಯಾಗ ಇದ್ದೀರಿ. ಫೋಟೊ ಗೀಟೊ ಯಾರಿಗರ ಕಳಿಸೀರೇನು?”

ಸ್ಟೇಟಸ್ಸನ್ನು ನೂರಾ ಹನ್ನೆರಡು ಜನ ನೋಡಿದ್ದರು. ಅದು ಯಾವಾಗಲೋ ತಾನಾಗಿಯೇ ಅಳಿಸಿಹೋಗಿತ್ತು. ನೋಡಿದವರ ಕಣ್ಣಿನಿಂದ ಅಳಿಸುವ ಬಗೆ ಯಾವುದಿದೆ?

“ನಾ ಅರಣ್ಯ ಇಲಾಖಿಗೆ ಫೋನ್ ಹಚ್ಚಬೇಕಾಗತೈತಿ,” ಅಂದರು ಸುಹಾಸಿನಿ. “ಆದ್ರ ನೀವಾಗೇ ಹೇಳಿದ್ರ ಛಲೋ. ಇಂಥಾ ಮರಿ ಸಿಕ್ಕ ಜಾಗಾದಾಗ ಇಟ್ರ ಎಷ್ಟೋ ಸಲ ತಾಯಿ ಬಂದು ಒಯ್ಯತೈತಿ. ಐದು ದಿನಾ ಆಗೇತಿ ಅನ್ನೂದ ನನಗ ಚಿಂತಿ. ತಡಾ ಮಾಡಬ್ಯಾಡ್ರಿ.”

ಸುರ್ಮಾಳನ್ನು ಚಿಕಿತ್ಸೆಗೆ ಅಲ್ಲೇ ಬಿಟ್ಟು ಸೂಫಿಯಾ ದವಾಖಾನೆಯ ಮೆಟ್ಟಿಲು ಇಳಿಯುವಾಗಲೇ ಬಾಳವ್ವನ ಫೋನು ಬಂತು. ದನಿ ತಗ್ಗಿಸಿ ಮಾತಾಡುತ್ತಿದ್ದಳು.

“ಬಾಯಾರ, ಫಾರೆಸ್ಟ್ ಗಜಾನನ ಬಂದಿದ್ದ. ನಿಮ್ಮ ಸ್ಟೇಟಸ್ ಯಾರೋ ತೋರ್ಸ್ಯಾರ ಅವಗ. ನಮ್ಮ ಹೊಲಾನೂ ನೋಡಿ ಹೋದ. ಮತ್ತ, ಗ್ಯಾಂಗಿನವ್ರು ನಾಡದ ಮುಂಜಾನಿ ಬರ್ತಾರಂತ, ಉಳದ ಕಬ್ಬು ಕಡಿಯಾಕ.” ಸ್ವಲ್ಪ ತಡೆದು ಅಂದಳು, “ಇನ್ನೊಂದು ಹೇಳ್ತೇನಿ, ಬೈಬ್ಯಾಡ್ರಿ. ಆ ಎರಡು ಮರಿ ಅವತ್ತ ಸಂಜೀಕ ತಾಯಿ ಒಯ್ದೈತಿ. ಆದ್ರ ದಿನಾ ಹೊತ್ತು ಮುಳುಗೂ ಮುಂದ ಅದು ಬದುವಿನ ಮ್ಯಾಲ ಬಂದು ಒದರತೈತ್ರಿ. ನಾ ಖರೇನ ಕೇಳೇನಿ.”

ಮನೆಯಲ್ಲಿ ಹೇಳುವುದು ಎಲ್ಲಕ್ಕಿಂತ ಕಷ್ಟದ್ದಾಯಿತು. ಸೂಫಿಯಾ ಪೆಟ್ಟಿಗೆಯನ್ನು ಹೊಸ್ತಿಲಲ್ಲೇ ಹಿಡಿದು ನಿಂತು ಎಲ್ಲ ಹೇಳಿದಳು. ಮದರಬೀ ಬಲಗೈ ಚಾಚಿದಳು.

“ಇತ್ತ ಕೊಡು ಅದನ್ನ.”

“ಅಮ್ಮೀ, ಅದು ಕಾಡಿಂದು.”

“ಕಾಡಿಂದಾದ್ರ ಕಾಡಿಂದು. ಹಾಲು ಕುಡದೈತಿ ನನ್ನ ಕೈಲೆ. ಕೊಡು.”

“ಸುರ್ಮಾ ಸಾಯ್ತಿತ್ತು.”

“ಸುರ್ಮಾ ನನ್ನ ಕಡೆ ಬರೂದ ಬಿಟ್ಟಾಳ,” ಅಂದಳು ಮದರಬೀ. ಬಲಗೈಯಿಂದ ಸೋತ ಎಡಗೈಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. “ಎರಡು ತಿಂಗಳಾತು. ಇದು ಬರತೈತಿ. ಈ ಕೈ ಮ್ಯಾಲ ಮಲಗತೈತಿ. ನೀ ನರ್ಸ ಇದ್ದಿ, ನೀ ನಂಬೂದಿಲ್ಲ. ಇದು ಮಲಗಿದ್ರ ಈ ಕೈಗೆ ಬಿಸಿ ಗೊತ್ತಾಗತೈತಿ ನನಗ.”

ಸೂಫಿಯಾ ಆ ಕೈಗೆ ಎರಡು ವರ್ಷದಿಂದ ದಿನಾ ಎಣ್ಣೆ ಹಚ್ಚಿ ತೀಡಿದ್ದಳು. ಸೂಜಿ ಚುಚ್ಚಿದರೂ ಅದಕ್ಕೆ ತಿಳಿಯುತ್ತಿರಲಿಲ್ಲ. ಅವಳು ಪೆಟ್ಟಿಗೆಯನ್ನು ಮಂಚದ ಕಾಲಿನ ಹತ್ತಿರ ಇಟ್ಟು, ನೆಲದ ಮೇಲೆಯೇ ಕೂತಳು. ನೌಕರಿಯ ಭಯವನ್ನಾಗಲಿ, ಗಜಾನನ ಹೊಲಕ್ಕೆ ಬಂದದ್ದನ್ನಾಗಲಿ ಅವಳು ಹೇಳಲಿಲ್ಲ. ಅದನ್ನು ಹೇಳಿದರೆ ಅತ್ತೆ ಕೊಟ್ಟುಬಿಡುತ್ತಾಳೆ, ಆದರೆ ಜೀವಮಾನ ಮರೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

“ಬಾಳವ್ವ ಹೇಳಿದ್ಲು, ಅಮ್ಮೀ,” ಎಂದಳು ಕೊನೆಗೆ. “ಇದರ ತಾಯಿ ದಿನಾ ಸಂಜೀಕ ಬಂದು ಒದರಾಕ ಹತ್ತೇತಂತ.”

ಮದರಬೀ ಕಿಟಕಿಯ ಕಡೆ ತಿರುಗಿ ಕೂತಳು. ಬೀದಿಯಲ್ಲಿ ಸೊಪ್ಪಿನವಳು ಕೂಗಿ ಹೋದಳು. ಪಕ್ಕದ ಮನೆಯ ಸಾಯಲಿಯ ಹೊಲಿಗೆ ಯಂತ್ರ ಒಂದಷ್ಟು ಹೊತ್ತು ಓಡಿ ನಿಂತಿತು.

“ಅದಕ್ಕ ಹಾಲು ಇರತೈತೇನು ಇನ್ನ?”

“ಇನ್ನ ಎರಡು ಕುಡೀತಾವಲ್ಲ. ಇರತೈತಿ.”

“ಹಂಗಾದ್ರ ನಾಳಿ ಯಾಕ, ಈಗ ಹೋಗು,” ಅಂದಳು ಮದರಬೀ, ಈಚೆ ತಿರುಗದೆಯೇ. “ನನ್ನ ಶಾಲಿನಾಗ ಸುತ್ತಬ್ಯಾಡ. ನನ್ನ ವಾಸನಿ ಹತ್ತಿದ್ರ ತಾಯಿ ಮುಟ್ಟಲಿಕ್ಕಿಲ್ಲ.”

ಸಾಯಲಿಗೆ ಅತ್ತೆಯನ್ನು ನೋಡಿಕೊಳ್ಳಲು ಹೇಳಿ, ಸೂಫಿಯಾ ಮಧ್ಯಾಹ್ನದ ಬಸ್ಸಿಗೆ ಹೊರಟಳು. ದಾರಿಯಲ್ಲಿ ಬಾಳವ್ವನಿಂದ ನಂಬರು ಇಸಿದುಕೊಂಡು ಗಜಾನನನಿಗೆ ತಾನೇ ಫೋನು ಹಚ್ಚಿದಳು. “ಮರಿ ನಾನ ಒಯ್ದಿದ್ದು. ತರಾಕ ಹತ್ತೇನಿ,” ಎಂದಳು. ಆ ಕಡೆಯಿಂದ “ಬರ್ರಿ ಮೇಡಂ, ಹೊಲದ ಹತ್ತರ ಇರ್ತೇನಿ,” ಎಂಬಷ್ಟೇ ಉತ್ತರ ಬಂತು. ಆ ದನಿಯಲ್ಲಿ ಸಿಟ್ಟಿದೆಯೋ ಇಲ್ಲವೋ ಎಂದು ಖಾನಾಪುರದಿಂದ ಗುಂಜಿಯವರೆಗೂ ಅವಳು ಯೋಚಿಸಿದಳು.

ಗಜಾನನ ನಲವತ್ತರ ಆಸುಪಾಸಿನ, ಸಣಕಲು ಮೈಯ ಅರಣ್ಯ ವೀಕ್ಷಕ. ಮಾತಿಗೆ ಮೊದಲು ಪೆಟ್ಟಿಗೆ ತೆರೆದು ನೋಡಿದ.

“ಜೀವಂತ ಐತಿ, ಹುಷಾರ್ ಐತಿ. ಛಲೋ ಆತು. ಕೊನೀ ಸಲ ಹಾಲು ಯಾವಾಗ ಕೊಟ್ರಿ?”

“ಮುಂಜಾನಿ. ಈಗ ಕೊಡಬೇಕು.”

“ಕೊಡಬ್ಯಾಡ್ರಿ. ಹೊಟ್ಟಿ ಹಸೀಲಿ. ಹಸದ್ರ ಜೋರ ಒದರತೈತಿ, ಒದರಿದ್ರ ತಾಯಿಗೆ ಕೇಳತೈತಿ.”

ಹಸಿದ ಕೂಸಿಗೆ ಹಾಲು ಕೊಡಬೇಡಿ ಎಂಬ ಮಾತನ್ನು ಸೂಫಿಯಾ ತನ್ನ ನೌಕರಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಕೊಳವೆ ಚೀಲದಲ್ಲೇ ಉಳಿಯಿತು. ಮರಿ ಸಿಕ್ಕಿದ್ದ ಜಾಗದಲ್ಲಿ, ನಿಂತ ಕಬ್ಬಿಗೆ ಹತ್ತು ಹೆಜ್ಜೆ ಈಚೆ, ರವದಿ ಹಾಸಿ, ಪೆಟ್ಟಿಗೆಯ ಒಂದು ಬದಿ ಕತ್ತರಿಸಿ ಇಟ್ಟರು. ಬಾಳವ್ವ ಸೇರಿ ಮೂವರೂ ದೂರದ ಮಾವಿನ ಗಿಡದ ಹಿಂದೆ ಹೋಗಿ ಕೂತರು. ಬಿಸಿಲು ಕೆಂಪಗಾಯಿತು. ಜೀರಾ ಒದರಲು ಶುರುಮಾಡಿತು. ಐದು ದಿನದಲ್ಲಿ ಒಮ್ಮೆಯೂ ಕೂಗದ ಮರಿಯಲ್ಲಿ ಇಷ್ಟು ದನಿಯಿದೆಯೆಂದು ಸೂಫಿಯಾಳಿಗೆ ಆಗಲೇ ಗೊತ್ತಾದದ್ದು. ಅದು ಬುಟ್ಟಿಯಲ್ಲಿ ಸುಮ್ಮನಿದ್ದದ್ದು ಶಾಂತಿಯಿಂದಲ್ಲ, ಹೆದರಿ ಮರಗಟ್ಟಿ.

ತಾಯಿ ಬರಲಿಲ್ಲ. ಕಬ್ಬಿನ ಅಂಚಿನಲ್ಲಿ ಒಮ್ಮೆ ಸರಸರ ಸದ್ದಾಯಿತು. ಅಷ್ಟರಲ್ಲಿ ರೈಲೊಂದು ಸಿಳ್ಳು ಹೊಡೆದು ಹೋಯಿತು. ಸದ್ದು ಅಲ್ಲಿಗೇ ನಿಂತಿತು. ಕತ್ತಲು ಕವಿದಾಗ ಗಜಾನನ ಎದ್ದ.

“ಇವತ್ತ ಸಾಕು. ಮರಿ ಇಲ್ಲೇ ಬಿಟ್ರ ನರಿ ಪಾಲಾಗತೈತಿ.”

“ನಾಳಿ ಬರದಿದ್ರ?” ಅಂತ ಬಾಳವ್ವ ಕೇಳಿದಳು.

ಅವನು ಪೆಟ್ಟಿಗೆ ಎತ್ತಿಕೊಂಡ. ನಾಡಿದ್ದು ಕಬ್ಬು ಹೋದರೆ ತಾಯಿ ಎರಡು ಮರಿ ಕಚ್ಚಿಕೊಂಡು ಕಾಡು ಸೇರುತ್ತದೆ. ಆಮೇಲೆ ಈ ಬದುವಿಗೆ ಬರುವ ಕಾರಣ ಅದಕ್ಕೆ ಉಳಿಯುವುದಿಲ್ಲ. ಮೂವರಿಗೂ ಅದು ಗೊತ್ತಿತ್ತು.

ಸೂಫಿಯಾ ಬಾಳವ್ವನ ಮನೆಯಲ್ಲಿ ಉಳಿದಳು. ಮರಿಗೆ ಹಾಲು ಕುಡಿಸಿ, ಅತ್ತೆಗೆ ಫೋನು ಮಾಡಿದಳು. ಮದರಬೀ ಕೇಳಿದ್ದು ಒಂದೇ ಮಾತು, “ಬಂತೇನು?” ಇಲ್ಲ ಎಂದಾಗ ಫೋನು ಇಟ್ಟಳು.

ಮರುದಿನ ಉಪಕೇಂದ್ರದಲ್ಲಿ ಲಸಿಕೆಯ ದಿನ. ಸೂಫಿಯಾ ಇಪ್ಪತ್ತಾರು ಮಕ್ಕಳಿಗೆ ಸೂಜಿ ಹಾಕಿದಳು. ಒಂದೊಂದು ಮಗು ಬಾಯಿ ತೆರೆದು ಅತ್ತಾಗಲೂ ಕಣ್ಣು ಗೋಡೆಯ ಗಡಿಯಾರಕ್ಕೆ ಹೋಗುತ್ತಿತ್ತು. ನಾಲ್ಕು ಗಂಟೆಗೆ ಹೊಲಕ್ಕೆ ಹೋದರೆ ಅಲ್ಲಿ ಬದುವಿನ ಮೇಲೆ ಟ್ರ್ಯಾಕ್ಟರು ನಿಂತಿತ್ತು. ಗ್ಯಾಂಗಿನ ಎಂಟು ಜನ ಕಬ್ಬು ಕಡಿಯುವ ಕೊಯ್ತ ಮಸೆಯುತ್ತ ಕೂತಿದ್ದರು. ಬೇರೆ ಹೊಲದ ಕೆಲಸ ಬೇಗ ಮುಗಿದಿತ್ತಂತೆ.

ಬಾಳವ್ವ ಗ್ಯಾಂಗಿನ ಮುಖ್ಯಸ್ಥ ಮುಕಾದಮನ ಜೊತೆ ಮಾತಿಗೆ ಬಿದ್ದಿದ್ದಳು. ಅವನು ಮರಾಠಿಯಲ್ಲಿ, ಇವಳು ಕನ್ನಡದಲ್ಲಿ. ಇಬ್ಬರಿಗೂ ಇಬ್ಬರ ಭಾಷೆ ಬರುತ್ತಿತ್ತು, ಆದರೂ ಜಗಳಕ್ಕೆ ತಮ್ಮ ತಮ್ಮದೇ ಬೇಕಿತ್ತು. ಗಜಾನನ ಬಂದವನು ಮುಕಾದಮನನ್ನು ಬದಿಗೆ ಕರೆದು ಬೀಡಿ ಹಚ್ಚಿಕೊಟ್ಟ. ಏನು ಹೇಳಿದನೋ ಸೂಫಿಯಾಳಿಗೆ ಕೇಳಿಸಲಿಲ್ಲ. ಮುಕಾದಮ ಅವಳ ಕಡೆಗೂ ಪೆಟ್ಟಿಗೆಯ ಕಡೆಗೂ ನೋಡಿ, ಜನರನ್ನು ಎಬ್ಬಿಸಿದ.

“ಮುಂಜಾನಿ ಆರಕ್ಕ ಹಚ್ಚತೇವಿ,” ಅಂದ. “ಆಮ್ಯಾಲ ಒಂದು ತಾಸೂ ತಡಿಯೂದಿಲ್ಲ.”

ಟ್ರ್ಯಾಕ್ಟರಿನ ಸದ್ದು ಅಡಗಿದ ಮೇಲೂ ಬಹಳ ಹೊತ್ತು ಹೊಲ ಮೌನವಾಗಿಯೇ ಇತ್ತು. ಈ ಸಲ ಮೂವರೂ ಬೇರೆ ಬೇರೆ ಕೂತರು, ಮಾತಾಗಬಾರದೆಂದು. ಜೀರಾ ಒದರಿತು, ನಿಲ್ಲಿಸಿತು, ಮತ್ತೆ ಒದರಿತು. ಮೂರನೆಯ ಸಲ ಅದರ ದನಿ ಒಡೆಯಿತು. ಪೆಟ್ಟಿಗೆಯಿಂದ ತಾನೇ ಹೊರಬಂದು ರವದಿಯ ಮೇಲೆ ನಾಲ್ಕು ಹೆಜ್ಜೆ ಇಟ್ಟು ಬಿತ್ತು. ಸೂಫಿಯಾ ಏಳಹೋದಳು. ಆಚೆಯಿಂದ ಗಜಾನನ ಅಂಗೈ ತೋರಿಸಿ ಕೂಡಿಸಿದ.

ಮೇಲೆ ಗಿಡುಗವೊಂದು ಸುತ್ತು ಹಾಕಿತು. ಒಂದು ಸುತ್ತು, ಇನ್ನೊಂದು, ಪ್ರತಿ ಸಲ ಸ್ವಲ್ಪ ಕೆಳಗೆ. ಸೂಫಿಯಾ ಕೈಗೆ ಸಿಕ್ಕ ಹೆಂಟೆಯನ್ನು ಹಿಡಿದುಕೊಂಡಳು. ಎಸೆದರೆ ಗಿಡುಗ ಹೋಗುತ್ತದೆ; ಕಬ್ಬಿನಲ್ಲಿ ತಾಯಿ ಇದ್ದರೆ ಅದೂ ಹೋಗುತ್ತದೆ. ಎಸೆಯದಿದ್ದರೆ ಮರಿ ಹೋಗುತ್ತದೆ. ಹೆಂಟೆ ಅವಳ ಮುಷ್ಟಿಯಲ್ಲೇ ಪುಡಿಯಾಯಿತು.

ಆಗ ಕಬ್ಬಿನ ಅಂಚಿನ ನೆರಳೇ ಮುಂದಕ್ಕೆ ಬಂದಂತೆ ಆ ಬೆಕ್ಕು ಹೊರಬಂತು. ಸುರ್ಮಾಳ ಎರಡರಷ್ಟಿತ್ತು, ಕಾಲುಗಳು ಉದ್ದ, ಮೈ ತಗ್ಗಿಸಿದ ನಡೆ. ಮರಿಯ ಸುತ್ತ ದೂರದಿಂದಲೇ ಒಂದು ಸುತ್ತು ಹಾಕಿತು. ಪೆಟ್ಟಿಗೆಯನ್ನು ಮೂಸಿ ಥಟ್ಟನೆ ಹಿಂದೆ ಹಾರಿತು. ತಿರುಗಿ ಕಬ್ಬಿನೊಳಗೆ ಹೋಗಿಯೇಬಿಟ್ಟಿತು. ಬಾಳವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡದ್ದು ಸೂಫಿಯಾಳಿಗೆ ಕಂಡಿತು. ತನ್ನ ಮನೆಯ ಸಾಬೂನು, ತನ್ನ ಮನೆಯ ಒಗ್ಗರಣೆ, ಅತ್ತೆಯ ಎಣ್ಣೆಯ ವಾಸನೆ ಎಲ್ಲ ಆ ಮರಿಯ ಮೈಗೆ ಹತ್ತಿದೆ, ಇನ್ನು ಅದು ಯಾರ ಮರಿಯೂ ಅಲ್ಲ ಎಂದು ಅವಳಿಗೆ ಅನ್ನಿಸಿತು.

ಜೀರಾ ಮತ್ತೊಮ್ಮೆ ಬಾಯಿ ತೆರೆಯಿತು. ದನಿ ಬರಲಿಲ್ಲ, ಉಸಿರಷ್ಟೇ ಬಂತು. ಕಬ್ಬಿನೊಳಗಿಂದ ಸಣ್ಣದೊಂದು ಗುರುಗುರು ಕೇಳಿತು. ತಾಯಿ ಈ ಸಲ ಸುತ್ತು ಹಾಕದೆ ನೇರ ಬಂತು. ಮರಿಯನ್ನು ಕತ್ತಿನಲ್ಲಿ ಕಚ್ಚಿ ಎತ್ತಿತು. ಅದು ಕಬ್ಬಿನೊಳಗೆ ಹೋಗಲಿಲ್ಲ. ಬದು ಹಾರಿ, ಕಾಡಿನ ಕಡೆಗೆ, ಹುಲ್ಲಿನಲ್ಲಿ ಒಂದು ಗೆರೆ ಎಳೆದಂತೆ ಓಡಿಹೋಯಿತು.

ಗಜಾನನ ಎದ್ದು ಹತ್ತಿರ ಬಂದ. “ಆ ಎರಡನ್ನ ಮೊದಲ ಆ ಕಡೆ ಸಾಗಿಸಿರಬೇಕು. ಇದರ ಸಲುವಾಗೇ ತಿರುಗಿ ಬರತಿತ್ತು.”

ಸೂಫಿಯಾ ಫೋನು ತೆಗೆದು ಅತ್ತೆಗೆ ಹಚ್ಚಿದಳು. “ಒಯ್ತು, ಅಮ್ಮೀ,” ಎಂದಳು. ಆ ಕಡೆ ಮದರಬೀ ಅಳುವುದು ಕೇಳಿಸಿತು.

ಕತೆ ಅಲ್ಲಿಗೆ ಮುಗಿಯಲಿಲ್ಲ. ಮರಿಯನ್ನು ಎಲ್ಲಿ, ಯಾವಾಗ ಒಯ್ದದ್ದು, ಯಾವಾಗ ತಂದದ್ದು ಎಂದು ಬರೆದುಕೊಡಬೇಕೆಂದು ಗಜಾನನ ಹೇಳಿದ. ಬಾಳವ್ವ, “ನಾನ ಕೊಟ್ಟೆ ಅಂತ ಬರೀರಿ ಬಾಯಾರ, ನನಗೇನು ನೌಕರಿ ಹೋಗೂದೈತಿ,” ಅಂದಳು. ಸೂಫಿಯಾ ಒಪ್ಪಲಿಲ್ಲ. ‘ಮೂರರಲ್ಲಿ ಒಂದನ್ನು ನಾನೇ ಆರಿಸಿಕೊಂಡು ಒಯ್ದೆ’ ಎಂದು ಬರೆದು ಸಹಿ ಹಾಕಿದಳು. ಹದಿನೈದು ದಿನದ ಮೇಲೆ ಖಾನಾಪುರದ ಅರಣ್ಯ ಕಚೇರಿಯಿಂದ ಕರೆ ಬಂತು. ಬೆಂಚಿನ ಮೇಲೆ ಎರಡು ತಾಸು ಕೂತಾಗ, ಅಮಾನತ್ತಾದರೆ ಮನೆ ಬಾಡಿಗೆ, ಅತ್ತೆಯ ಔಷಧಿ ಎಂದು ಮನಸ್ಸು ಎಲ್ಲೆಲ್ಲಿಗೋ ಹೋಗಿ ಬಂತು. ಅಧಿಕಾರಿ ಅವಳ ಕಾಗದವನ್ನು ಎರಡು ಸಲ ಓದಿದರು. ತಿಳಿಯದೆ ಒಯ್ದದ್ದು, ತಾನಾಗಿ ತಂದದ್ದು, ತಾಯಿ ಸ್ವೀಕರಿಸಿದ್ದು ಎಂದು ಗಜಾನನ ಬರೆದ ವರದಿಯನ್ನು ಅದರ ಮೇಲಿಟ್ಟರು. ಇನ್ನೊಮ್ಮೆ ಹೀಗಾದರೆ ಬಿಡುವುದಿಲ್ಲವೆಂದು ಗಟ್ಟಿಯಾಗಿಯೇ ಹೇಳಿ ಕಳಿಸಿದರು. ಹೊರಗೆ ಬಂದು ಅವಳು ನಲ್ಲಿಗೆ ಬಾಯಿ ಹಚ್ಚಿ ನೀರು ಕುಡಿದಳು.

ಅಷ್ಟರಲ್ಲಿ ದವಾಖಾನೆಯಿಂದ ಮರಳಿದ್ದ ಸುರ್ಮಾ ಕಪಾಟು ಹತ್ತದೆ ಉಣ್ಣತೊಡಗಿತ್ತು. ಹೊಟ್ಟೆ ನೆಕ್ಕುವುದನ್ನು ಮಾತ್ರ ಬಿಟ್ಟಿರಲಿಲ್ಲ. ಇನ್ನೊಂದು ಬೆಕ್ಕಿನ ಮಾತನ್ನು ಸೂಫಿಯಾ ಎತ್ತುವ ಧೈರ್ಯ ಮಾಡಲಿಲ್ಲ. ಎತ್ತಿದವಳು ಮದರಬೀಯೇ.

“ಈ ಸಲ ನಾ ಬರ್ತೇನಿ,” ಅಂದಳು. “ನಿನಗ ಆರಿಸಾಕ ಬರೂದಿಲ್ಲ.”

ಲಕ್ವ ಹೊಡೆದ ಮೇಲೆ ಆಸ್ಪತ್ರೆ ಬಿಟ್ಟು ಬೇರೆಲ್ಲಿಗೂ ಹೋಗದವಳು ಆಟೋ ಹತ್ತಿ ಪಕ್ಕದ ಊರು ಕಾಕತಿಗೆ ಬಂದಳು. ನಿವೃತ್ತ ಮಾಸ್ತರ ತಮ್ಮಣ್ಣ ಬೀದಿಯಲ್ಲಿ ಬಿದ್ದ ಬೆಕ್ಕುಗಳನ್ನು ತಂದು ಸಾಕಿ, ಕೇಳಿದವರಿಗೆ ಕೊಡುತ್ತಾರೆಂದು ಸುಹಾಸಿನಿ ವಿಳಾಸ ಕೊಟ್ಟಿದ್ದರು. ಅಂಗಳದಲ್ಲಿ ಒಂಬತ್ತು ಬೆಕ್ಕುಗಳಿದ್ದವು. ಮಾಸ್ತರರು ಮರಿಗಳನ್ನು ಮುಂದೆ ತಂದರೆ ಮದರಬೀ ತಲೆಯಾಡಿಸಿದಳು. “ಮರಿ ಬ್ಯಾಡ್ರಿ. ಅದು ಆಡಾಕ ಕರೀತೈತಿ, ನಮ್ಮದಕ್ಕ ತ್ರಾಸ ಆಗತೈತಿ,” ಎಂದು ಕುರ್ಚಿ ಹಾಕಿಸಿಕೊಂಡು ಒಂದು ತಾಸು ಸುಮ್ಮನೆ ನೋಡುತ್ತ ಕೂತಳು.

ಮೂಲೆಯಲ್ಲಿ ಒಂದು ಸುಮ್ಮನೆ ಕೂತಿತ್ತು. ಸೂಫಿಯಾ ಅದರ ಕಡೆ ಕೈ ತೋರಿಸಲು ಹೋಗಿ, ತೋರಿಸಲಿಲ್ಲ.

“ತಮ್ಮಣ್ಣೋರ, ಆ ತಾಟು ನೆಲಕ್ಕ ಒಗೀರಿ ಒಂದು ಸಲ,” ಅಂದಳು ಮದರಬೀ.

ಸ್ಟೀಲಿನ ತಾಟು ಕಲ್ಲಿನ ಮೇಲೆ ಠಣ್ಣೆಂದು ಬಿತ್ತು. ಮೂಲೆಯದು ಗೋಡೆ ಹಾರಿ ಮಾಯವಾಯಿತು. ಉಳಿದವೂ ಚೆದುರಿದವು. ಕಪ್ಪು ಬಿಳಿ ಬಣ್ಣದ, ಒಂದು ಕಿವಿ ಹರಿದ, ಆರು ವರ್ಷದ ಹೆಣ್ಣು ಬೆಕ್ಕೊಂದು ಮಾತ್ರ ತಲೆಯೆತ್ತಿ ತಾಟನ್ನು ನೋಡಿ, ಮತ್ತೆ ತನ್ನ ಪಾದ ನೆಕ್ಕಲು ಶುರುಮಾಡಿತು.

“ಅದನ್ನ ಕೊಡ್ರಿ.”

ಸುಹಾಸಿನಿ ಹೇಳಿದ್ದನ್ನೆಲ್ಲ ಈ ಸಲ ಅಕ್ಷರ ಬಿಡದೆ ಮಾಡಿದರು. ಹೊಸದನ್ನು ಒಳಕೋಣೆಯಲ್ಲಿಟ್ಟು ಬಾಗಿಲು ಹಾಕಿದರು. ಇದರ ಹಾಸಿಗೆಯ ಬಟ್ಟೆ ಅದಕ್ಕೆ, ಅದರದ್ದು ಇದಕ್ಕೆ ಬದಲಿಸಿದರು. ಬಾಗಿಲಿನ ಆಚೆ ಈಚೆ ಎರಡು ತಾಟು ಇಟ್ಟು ಉಣ್ಣಲು ಕಲಿಸಿದರು. ಮೊದಲ ವಾರ ಸುರ್ಮಾ ಬಾಗಿಲ ಸಂದಿಗೆ ಪಂಜ ಹಾಕಿ ಬುಸುಗುಟ್ಟಿತು. ಎರಡನೆಯ ವಾರ ಉಣ್ಣುತ್ತಲೇ ಬುಸುಗುಟ್ಟಿತು. ಮೂರನೆಯ ವಾರ ಬರೀ ಉಂಡಿತು. ಬಾಗಿಲು ಯಾವತ್ತು ತೆರೆಯುವುದೆಂದು ಅತ್ತೆ ಸೊಸೆಯರಲ್ಲಿ ದಿನವೂ ವಾದ ನಡೆಯುತ್ತಿತ್ತು. ಇನ್ನೂ ನಾಲ್ಕು ದಿನ ತಡೆಯೋಣ ಎಂದು ಸೂಫಿಯಾ ಅಂದು ಕೆಲಸಕ್ಕೆ ಹೋದ ದಿನವೇ ಮದರಬೀ ಸಾಯಲಿಯನ್ನು ಕರೆದು ಬಾಗಿಲು ತೆಗೆಸಿದಳು.

ಸೂಫಿಯಾ ಗುಂಜಿಯಲ್ಲಿ ಒಬ್ಬ ಬಸುರಿಯ ತೋಳಿಗೆ ಬಿಪಿ ಪಟ್ಟಿ ಸುತ್ತುತ್ತಿದ್ದಾಗ ಫೋನು ಬಂತು.

“ಭಾಭಿ, ಎರಡೂ ಜಗಳಾ ಆಡಿದ್ವು,” ಅಂದಳು ಸಾಯಲಿ. “ಮನೀ ತುಂಬ ಕೂದಲಾ ಬಿದ್ದಾವು.”

“ರಕ್ತ ಬಂದೈತೇನು?”

“ಇಲ್ಲ. ಸುರ್ಮಾ ಎರಡು ಏಟು ಹಾಕ್ತು. ಅದು ಸುಮ್ಮನ ಕಣ್ಣು ಮುಚ್ಚಿ ಕುಂತಿತು. ಮತ್ತೊಂದು ಏಟು ಹಾಕಿ ಈಕೀಗೇ ಬ್ಯಾಸರಾತು ಅನ್ನಸತೈತಿ. ಈಗ ಕಿಡಕಿ ಹತ್ತರ ಬಿಸಲಾಗ ಒಂದು ಆ ಕಡೆ, ಒಂದು ಈ ಕಡೆ ಮುಖಾ ಮಾಡಿ ಮಲಗ್ಯಾವು. ಅಮ್ಮಿ ನಿಮಗ ಹೇಳಬ್ಯಾಡ ಅಂದಿದ್ರು.”

“ಬಾಗಲಾ ಹಾಕಬ್ಯಾಡ, ಹಂಗ ಇರಲಿ,” ಎಂದು ಸೂಫಿಯಾ ಫೋನು ಇಟ್ಟು, ಬಸುರಿಯ ತೋಳಿನ ಪಟ್ಟಿಯನ್ನು ಬಿಚ್ಚಿ ಮತ್ತೆ ಮೊದಲಿನಿಂದ ಸುತ್ತಿದಳು.